ಗ್ರಹಣದ ಕನ್ನಡಕ: 40 ರೂಪಾಯಿಗೆ ರಾಹು ಕಾಣಲಿಲ್ಲ

2019ರ ಡಿಸೆಂಬರ್ 26ರ ಸೂರ್ಯಗ್ರಹಣಕ್ಕೆ ಅಂತ ಬೆಂಗಳೂರಿನ ನಮ್ಮ ಬೀದಿ ಅಂಗಡಿಯಿಂದ ಎರಡು ಕನ್ನಡಕ ತಂದಿದ್ದೆ. ಒಂದಕ್ಕೆ 40 ರೂಪಾಯಿ. ರಟ್ಟಿನ ಚೌಕಟ್ಟು, ಕಪ್ಪು ಹಾಳೆ, ಅಷ್ಟೇ. ಅಂಗಡಿಯವರು ಅದರ ಪಕ್ಕದಲ್ಲೇ ದರ್ಭೆಯ ಕಟ್ಟೂ ಇಟ್ಟಿದ್ದರು, ಎರಡಕ್ಕೂ ಒಳ್ಳೆ ವ್ಯಾಪಾರ!

ಇಂಥದ್ದನ್ನು ಹಾಕಿಕೊಂಡು ಮನೆಯ ಟ್ಯೂಬ್‌ಲೈಟ್ ನೋಡಿದರೆ ಹೆಚ್ಚುಕಮ್ಮಿ ಏನೂ ಕಾಣಬಾರದು, ಸೂರ್ಯ ಮಾತ್ರ ಕಾಣಬೇಕು. ಇದು ಅದರಲ್ಲಿ ಪಾಸ್. ಐಎಸ್‌ಒ 12312-2 (ಸೂರ್ಯನನ್ನು ನೋಡುವ ಕನ್ನಡಕಕ್ಕಿರುವ ಅಂತರರಾಷ್ಟ್ರೀಯ ಸುರಕ್ಷತಾ ಮಾನದಂಡ) ಅಂತಲೂ ಅಚ್ಚಾಗಿತ್ತು, ಆದರೆ ಅಚ್ಚು ಹಾಕೋದಕ್ಕೆ ಏನು ಕಷ್ಟ ಅಲ್ವಾ? ಎಕ್ಸ್‌ರೇ ಹಾಳೆ, ಮಸಿ ಹಿಡಿಸಿದ ಗಾಜು ಮಾತ್ರ ಬೇಡವೇ ಬೇಡ. ಕಣ್ಣಿನ ರೆಟಿನಾ ಸುಟ್ಟರೂ ನೋವಾಗುವುದಿಲ್ಲ, ಆಮೇಲೇ ಗೊತ್ತಾಗೋದು.

ಬೆಳಿಗ್ಗೆ ಎಂಟು ದಾಟುತ್ತಿದ್ದಂತೆ ಸೂರ್ಯನ ಅಂಚು ಸ್ವಲ್ಪ ಕಚ್ಚಿದ ದೋಸೆ ಥರ ಆಯಿತು, ಒಂಬತ್ತೂವರೆ ಹೊತ್ತಿಗೆ ಕುಡುಗೋಲಿನಷ್ಟೇ ಉಳಿಯಿತು. ಮಂಗಳೂರಿನವರಿಗೆ ಪೂರ್ತಿ ಬಳೆಯೇ ಕಂಡಿತು. ನಮ್ಮಲ್ಲಿ ಹೊಂಗೆ ಮರದ ಕೆಳಗೆ, ಎಲೆಗಳ ಸಂದಿಯಿಂದ ಬಿದ್ದ ಬಿಸಿಲೆಲ್ಲ ಪುಟ್ಟ ಪುಟ್ಟ ಕುಡುಗೋಲು. ಅದಕ್ಕೆ ಕನ್ನಡಕವೇ ಬೇಡ.

ಗ್ರಹಣದ ಹೊತ್ತಲ್ಲಿ ಮಾತ್ರ ಒನಕೆ ನೆಟ್ಟಗೆ ನಿಲ್ಲುತ್ತೆ ಅಂತ ನಂಬಿಕೆ, ಅದಕ್ಕೇ ಅಜ್ಜಿ ಒಳಗೆ ತಾಂಬಾಳದಲ್ಲಿ ನೀರು ಹಾಕಿ ಒನಕೆ ನಿಲ್ಲಿಸಿದ್ದರು. ನಿಂತಿತ್ತು! ಮರುದಿನ ನಾನು ಸುಮ್ನೆ ನಿಲ್ಲಿಸಿದೆ, ಆಗಲೂ ನಿಂತಿತು. ತಳ ಸಮತಟ್ಟಾಗಿದ್ದರೆ ಯಾವತ್ತಾದರೂ ನಿಲ್ಲುತ್ತೆ. ಇನ್ನು ರಾಹು ನುಂಗುವ ಕಥೆ. ಗ್ರಹಣ ಎಷ್ಟು ಗಂಟೆಗೆ ಅಂತ ಅಜ್ಜಿಯ ಪಂಚಾಂಗದಲ್ಲೇ ಮೊದಲೇ ಅಚ್ಚಾಗಿತ್ತು, ಹಸಿದ ರಾಕ್ಷಸ ಇಷ್ಟು ಟೈಮಿಗೆ ಸರಿಯಾಗಿ ಬರುತ್ತಾನಾ? ಲೆಕ್ಕದಲ್ಲಿ ರಾಹು ಕೇತು ಅಂದರೆ ಚಂದ್ರನ ದಾರಿ ಸೂರ್ಯನ ದಾರಿಯನ್ನು ದಾಟುವ ಎರಡು ಜಾಗ. ಚಂದ್ರ ಅಡ್ಡ ಬಂದು ಸೂರ್ಯನನ್ನು ಮುಚ್ಚುತ್ತಾನೆ ಅಂತ ಆರ್ಯಭಟ 499ರ ಹೊತ್ತಿಗೇ ಬರೆದಿದ್ದ.

ಒನಕೆಯಿಂದ ಯಾರಿಗೂ ತೊಂದರೆ ಇಲ್ಲ, ಬಿಡಿ. ಆದರೆ ಅದೇ ದಿನ ಕಲಬುರಗಿ ಹತ್ತಿರದ ತಾಜ್‌ಸುಲ್ತಾನಪುರದಲ್ಲಿ, ಅಂಗವೈಕಲ್ಯ ವಾಸಿಯಾಗುತ್ತೆ ಅಂತ ನಂಬಿ ಮಕ್ಕಳನ್ನು ಕುತ್ತಿಗೆವರೆಗೆ ಮಣ್ಣಲ್ಲಿ ಹೂತಿದ್ದರು. ಆ ಸುದ್ದಿ ನೋಡಿ ಹೊಟ್ಟೆ ತೊಳಸಿತು.

ಕನ್ನಡಕದ ದೋಷ? ರಟ್ಟಿನ ಕಡ್ಡಿ ಕಿವಿ ಮೇಲೆ ನಿಲ್ಲೋದಿಲ್ಲ, ಚಾಳೀಸು ಹಾಕುವವರಿಗಂತೂ ಕೈಯಲ್ಲಿ ಹಿಡಿದೇ ನೋಡಬೇಕು. ಹಾಳೆ ಬೇಗ ಗೀರುತ್ತೆ, ಗೀರಿದ್ದನ್ನು ಎಸೆಯಲೇಬೇಕು. ಐದಕ್ಕೆ ಮೂರೂವರೆ ಕೊಡುತ್ತೇನೆ.

ಎರಡನೇ ಕನ್ನಡಕ ಕೊನೆಗೆ ಅಜ್ಜಿ ಕೈಗೆ ಹೋಯಿತು. ತುಂಬಾ ಹೊತ್ತು ನೋಡಿ, 'ನುಂಗಿದ ಹಾಗಿಲ್ಲ ಕಣೋ, ಮುಚ್ಚಿದ ಹಾಗಿದೆ' ಅಂದರು. ಗ್ರಹಣ ಬಿಟ್ಟ ಮೇಲೆ ಸ್ನಾನ ಮಾತ್ರ ಬಿಡಲಿಲ್ಲ. 2027ರ ಆಗಸ್ಟ್ 2ರ ಸಂಜೆ ಮತ್ತೆ ಸ್ವಲ್ಪ ಗ್ರಹಣ ಇದೆ, ಹೊಸ ಜೋಡಿ ತರಬೇಕು.