ಹಳೆ ಸ್ಕಾರ್ಪಿಯೊದಲ್ಲಿ ಕಛ್‌ಗೆ: ಎಲ್ಲಿ ದುಡ್ಡು ಹಾಕಬೇಕು, ಎಲ್ಲಿ ಬೇಡ

ಬೆಂಗಳೂರಿನಿಂದ ಗುಜರಾತಿನ ಕಛ್ ಜಿಲ್ಲೆಯ ಭುಜ್‌ಗೆ ಸುಮಾರು 1,800 ಕಿ.ಮೀ. ಹುಬ್ಬಳ್ಳಿ, ಕೊಲ್ಹಾಪುರ, ಪುಣೆ, ಸೂರತ್, ಅಹಮದಾಬಾದ್ ದಾಟಿ ಹೋಗಬೇಕು. ಅಲ್ಲಿನ ಸುತ್ತಾಟವೂ ಸೇರಿದರೆ ಹೋಗಿ ಬರುವಷ್ಟರಲ್ಲಿ ನಾಲ್ಕು ಸಾವಿರ ಕಿ.ಮೀ. ಆರಾಮಾಗಿ ದಾಟುತ್ತದೆ. ನನ್ನದು 2011ರ ಮಹೀಂದ್ರ ಸ್ಕಾರ್ಪಿಯೊ, 2.2 ಲೀಟರಿನ ಎಂಹಾಕ್ ಡೀಸೆಲ್ ಎಂಜಿನ್. ಎಂಜಿನ್ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಇಷ್ಟು ವಯಸ್ಸಾದ ಗಾಡಿಯನ್ನು ದಾರಿಯಲ್ಲಿ ನಿಲ್ಲಿಸುವುದು ಹೆಚ್ಚಾಗಿ ರಬ್ಬರ್: ಹೋಸು, ಬೆಲ್ಟು, ಕೀಲುಗಳಲ್ಲಿ ಕೂರುವ ಬುಶ್ಶು, ಟೈರು. ಆದ್ದರಿಂದ ಯಾವ ಸಾಮಾನು ಕೊಳ್ಳುವಾಗಲೂ ನಾನು ಕೇಳಿಕೊಳ್ಳುವುದು ಒಂದೇ ಪ್ರಶ್ನೆ. ಇದು ಸೂರತ್ ಆಚೆ ಕೈಕೊಟ್ಟರೆ ಅಲ್ಲೇ ರಿಪೇರಿ ಆಗುತ್ತದೆಯೇ?

ಲಡಾಖ್ ಬಿಟ್ಟು ಕಛ್ ಯಾಕೆ ಅಂತ ಸ್ನೇಹಿತರು ಕೇಳುತ್ತಿರುತ್ತಾರೆ. ಹಳೆ ಡೀಸೆಲ್ ಗಾಡಿಗೆ ಉತ್ತರದ ದಾರಿಯಲ್ಲಿ ಒಂದು ತೊಡಕಿದೆ. 10 ವರ್ಷ ದಾಟಿದ ಡೀಸೆಲ್ ಗಾಡಿಗಳು ದೆಹಲಿ ಮತ್ತು ಸುತ್ತಲಿನ ರಾಜಧಾನಿ ವಲಯದಲ್ಲಿ (ಎನ್‌ಸಿಆರ್) ಓಡಬಾರದು ಎಂದು 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹೇಳಿತು. 2018ರಲ್ಲಿ ಸುಪ್ರೀಂ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. 2025ರಲ್ಲಿ ಆ ನಿಯಮ ಮತ್ತೆ ಬದಲಾಗುತ್ತಾ ಬಂತು. ಆ ಕಡೆ ಹೊರಡುವವರು ಹೊರಡುವ ವಾರದ ಸ್ಥಿತಿ ನೋಡಿಕೊಂಡೇ ಹೋಗಬೇಕು. ಕಛ್ ದಾರಿಯಲ್ಲಿ ಈ ತಲೆನೋವಿಲ್ಲ.

ಈಗ ಮೊದಲ ಪೈಪೋಟಿ. ಕಂಪನಿ ಸರ್ವಿಸ್ ಸೆಂಟರೋ, ಗೊತ್ತಿರುವ ಗ್ಯಾರೇಜೋ? ಎರಡು ಕಡೆಯೂ ಗಾಡಿ ಬಿಟ್ಟು ನೋಡಿದ್ದೇನೆ. ಸರ್ವಿಸ್ ಸೆಂಟರ್‌ನಲ್ಲಿ ಸ್ಕ್ಯಾನರ್ ಹಾಕುತ್ತಾರೆ. ಇಂಜೆಕ್ಟರ್, ಸೆನ್ಸರ್‌ಗಳ ಕಥೆ ಪರದೆ ಮೇಲೆ ಕಾಣುತ್ತದೆ. ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಚಿಮ್ಮಿಸುವ ಕಾಮನ್ ರೈಲ್ ಎಂಜಿನ್‌ಗೆ ಇದು ಬೇಕೇ ಬೇಕು. ಆದರೆ ಹಳೆ ಗಾಡಿ ಕಂಡ ಕೂಡಲೇ ಪಟ್ಟಿ ಉದ್ದ ಆಗುತ್ತದೆ. ಒಂದು ಬುಶ್ ಹೋಗಿದ್ದರೆ ಅದು ಕೂತಿರುವ ಇಡೀ ಸಸ್ಪೆನ್ಶನ್ ಆರ್ಮ್ ಬದಲಿಸಿ ಅಂತ ಬರೆದುಕೊಡುತ್ತಾರೆ. ನಮ್ಮ ಏರಿಯಾದ ಮೆಕ್ಯಾನಿಕ್ ಗಾಡಿಯನ್ನು ಒಂದು ಹಂಪ್ ಮೇಲೆ ಹಾಯಿಸಿ, "ಸಾರ್, ಲೆಫ್ಟ್ ಸೈಡ್ ಲಿಂಕ್ ರಾಡು ಸೌಂಡು, ಬೇರೇನೂ ಇಲ್ಲ" ಅಂದುಬಿಟ್ಟರು. ಅದೊಂದನ್ನೇ ಬದಲಿಸಿದರು, ಸದ್ದು ನಿಂತಿತು. ಅಲ್ಲಿ ನಟ್ಟನ್ನು ಅಳತೆಗೆ ತಕ್ಕಷ್ಟೇ ಬಿಗಿಯುವ ಟಾರ್ಕ್ ರೆಂಚ್ ಕಾಣುವುದಿಲ್ಲ ಎನ್ನುವುದೂ ನಿಜ. ನಟ್ಟುಗಳನ್ನು ತೋಳಿನ ಬಲದ ಮೇಲೇ ಬಿಗಿಯುತ್ತಾರೆ.

ಹಾಗಾಗಿ ನಾನು ಕೆಲಸ ಹಂಚಿದ್ದೇನೆ. ಸ್ಕ್ಯಾನ್, ಡೀಸೆಲ್ ಫಿಲ್ಟರ್, ಬ್ರೇಕ್ ಆಯಿಲ್ ಸರ್ವಿಸ್ ಸೆಂಟರ್‌ಗೆ. ಸಸ್ಪೆನ್ಶನ್, ಬುಶ್, ಬೇರಿಂಗ್, ಸೈಲೆನ್ಸರ್ ಗ್ಯಾರೇಜಿಗೆ. ಎರಡೂ ಹೊರಡುವ ದಿನಕ್ಕೆ ಮೂರ್ನಾಲ್ಕು ವಾರ ಮೊದಲೇ ಮುಗಿದಿರಬೇಕು. ಆಮೇಲೆ ಒಂದು ಸಲ ಮಂಗಳೂರಿಗೆ ಹೋಗಿ ಬಂದರೆ ಸಾಕು. ಜನ ತುಂಬಿಕೊಂಡು, ಎಸಿ ಹಾಕಿಕೊಂಡು ಗುಂಡ್ಯದಿಂದ ಸಕಲೇಶಪುರಕ್ಕೆ ಶಿರಾಡಿ ಘಾಟಿ ಹತ್ತುವಾಗ ಟೆಂಪರೇಚರ್ ಮುಳ್ಳು ಕದಲದಿದ್ದರೆ ಗಾಡಿ ತಯಾರಿದೆ ಅಂತ ಅರ್ಥ.

ಹೋಸುಗಳ ವಿಷಯಕ್ಕೆ ಬರೋಣ. ಜನ ತುಂಬಾ ಅಸಡ್ಡೆ ಮಾಡುವ ಜಾಗ ಇದು. ಗಾಳಿಯನ್ನು ಒತ್ತಿ ಕಳಿಸುವ ಟರ್ಬೊದಿಂದ ಆ ಗಾಳಿಯನ್ನು ತಂಪಾಗಿಸುವ ಇಂಟರ್‌ಕೂಲರ್‌ಗೆ, ಅಲ್ಲಿಂದ ಎಂಜಿನ್‌ಗೆ ಗಾಳಿ ಒಯ್ಯುವ ದಪ್ಪ ರಬ್ಬರ್ ಪೈಪುಗಳಿವೆಯಲ್ಲ, ಅವು ಬಿರುಕು ಬಿಟ್ಟರೆ ಗಾಡಿಯ ಎಳೆತ ಹೋಗುತ್ತದೆ. ಸುಯ್ ಅನ್ನುವ ಸದ್ದು, ಹಿಂದೆ ಕಪ್ಪು ಹೊಗೆ. ಇವಕ್ಕೆ ಮೂರು ಆಯ್ಕೆ ಇವೆ: ಒರಿಜಿನಲ್, ಬೆಂಗಳೂರಿನ ಜೆ.ಸಿ. ರೋಡಿನ ಬಿಡಿಭಾಗದ ಅಂಗಡಿಗಳ ಲೋಕಲ್ ಮಾಲು, ಸಿಲಿಕಾನ್ ಹೋಸು.

ಲೋಕಲ್ ಪೈಪು ಒರಿಜಿನಲ್‌ಗಿಂತ ತುಂಬಾ ಅಗ್ಗ. ಹಾಕಿದಾಗ ನೋಡಲು ವ್ಯತ್ಯಾಸವೇ ಕಾಣಲಿಲ್ಲ. ಆದರೆ ಟರ್ಬೊ ಗಾಳಿಯ ಜೊತೆ ಸ್ವಲ್ಪ ಎಂಜಿನ್ ಆಯಿಲಿನ ಆವಿಯೂ ಬರುತ್ತದೆ. ಆ ಎಣ್ಣೆಗೆ ಕಡಿಮೆ ದರ್ಜೆಯ ರಬ್ಬರ್ ಊದಿಕೊಂಡು ಮೆತ್ತಗಾಗುತ್ತದೆ. ಮುಂದಿನ ಬೇಸಿಗೆ ಬರುವಷ್ಟರಲ್ಲಿ ಕ್ಲ್ಯಾಂಪ್ ಹತ್ತಿರ ಪೈಪು ಜಾರತೊಡಗಿತು. ನೀಲಿ, ಕೆಂಪು ಬಣ್ಣದ ಸಿಲಿಕಾನ್ ಹೋಸು ಬಿಸಿಗೆ ಗಟ್ಟಿ, ರೇಡಿಯೇಟರಿಗೆ ಚೆನ್ನಾಗಿಯೇ ಇದೆ. ಟರ್ಬೊ ಕಡೆಗೆ ಹಾಕುವುದಾದರೆ ಒಳಗೆ ಫ್ಲೋರೋಸಿಲಿಕಾನ್ ಪದರ ಇರುವುದೇ ಆಗಬೇಕು. ಬರೀ ಸಿಲಿಕಾನಿನಲ್ಲಿ ಎಣ್ಣೆ ನಿಧಾನಕ್ಕೆ ಜಿನುಗಿ ಹೊರಗೆಲ್ಲ ಜಿಡ್ಡಾಗುತ್ತದೆ. ಅಂಗಡಿಯಲ್ಲಿ ಆ ಪದರದ ಬಗ್ಗೆ ಕೇಳಿದರೆ ಬಹಳ ಜನಕ್ಕೆ ಗೊತ್ತೇ ಇರುವುದಿಲ್ಲ. ನನ್ನ ಮತ ಒರಿಜಿನಲ್‌ಗೆ, ದುಬಾರಿಯಾದರೂ ಸರಿ. ಬಿಚ್ಚಿದ ಹಳೆ ಹೋಸು, ಹಳೆ ಫ್ಯಾನ್ ಬೆಲ್ಟು ಹರಿದಿಲ್ಲದಿದ್ದರೆ ಎಸೆಯಬೇಡಿ. ಅವು ಈ ಗಾಡಿಗೇ ಕೂರುತ್ತವೆ ಅಂತ ಗೊತ್ತಿದೆ. ಸೀಟಿನ ಕೆಳಗೆ ಇಟ್ಟುಕೊಂಡರೆ ಅದಕ್ಕಿಂತ ಒಳ್ಳೆ ಸ್ಪೇರ್ ಇಲ್ಲ.

ಎಂಜಿನ್ ತಂಪಾಗಿಡುವ ಕೂಲೆಂಟ್‌ನಲ್ಲಿ ನೀರು ಬೆರೆಸಿಯೇ ಬರುವುದು ಒಂದು, ನಾವೇ ನೀರು ಬೆರೆಸುವ ಕಾನ್ಸಂಟ್ರೇಟ್ ಇನ್ನೊಂದು. ಲೆಕ್ಕಕ್ಕೆ ಎರಡನೆಯದು ಅಗ್ಗ. ಡಿಸ್ಟಿಲ್ಡ್ ವಾಟರ್ ಅರ್ಧಕ್ಕರ್ಧ ಹಾಕಿದರೆ ಆಯಿತು. ತೊಂದರೆ ಬರುವುದು ಗ್ಯಾರೇಜಿನ ಹುಡುಗ ಪಕ್ಕದ ಬೋರ್‌ವೆಲ್ ನಲ್ಲಿಯ ನೀರು ಹಿಡಿದಾಗ. ನಮ್ಮ ಬೆಂಗಳೂರು, ಕೋಲಾರದ ಬೋರ್ ನೀರು ಪಾತ್ರೆಯಲ್ಲೇ ಬಿಳಿ ಪದರ ಕಟ್ಟುತ್ತದೆ. ರೇಡಿಯೇಟರಿನ ಸಣ್ಣ ನಾಳಗಳ ಗತಿ ಏನು? ಹಾಗಾಗಿ ಬೆರೆಸಿ ಬಂದಿದ್ದನ್ನೇ ಹಾಕಿಸಿದೆ, ಒಂದು ಲೀಟರ್ ಜಾಸ್ತಿ ತಂದು ಡಿಕ್ಕಿಯಲ್ಲಿಟ್ಟೆ. ಜೊತೆಗೆ ಒತ್ತಡ ಹಿಡಿಯುವ ಮುಚ್ಚಳವನ್ನೂ ಹೊಸದು ಹಾಕಿಸಿ. ಅದರ ಸ್ಪ್ರಿಂಗ್ ಸೋತರೆ ಒತ್ತಡ ನಿಲ್ಲುವುದಿಲ್ಲ, ಕೂಲೆಂಟ್ ಬೇಗ ಕುದಿಯುತ್ತದೆ. ಮುಚ್ಚಳಕ್ಕೆ ಆಗುವ ಖರ್ಚು ಏನೇನೂ ಅಲ್ಲ.

ಎಂಜಿನ್ ಆಯಿಲ್ ಬಗ್ಗೆ ಜಗಳಗಳೇ ನಡೆಯುತ್ತವೆ. 15ಡಬ್ಲ್ಯೂ-40 ಮಿನರಲ್, 5ಡಬ್ಲ್ಯೂ-40 ಸಿಂಥೆಟಿಕ್ ಎರಡನ್ನೂ ಓಡಿಸಿದ್ದೇನೆ. ಕೊನೆಯ 40 ಎರಡರಲ್ಲೂ ಒಂದೇ. ಅಂದರೆ ಎಂಜಿನ್ ಪೂರ್ತಿ ಬಿಸಿಯಾದಾಗ ಎರಡರ ದಪ್ಪವೂ ಒಂದೇ ಮಟ್ಟದ್ದು. ವ್ಯತ್ಯಾಸ ಚಳಿಯಲ್ಲಿ ಸ್ಟಾರ್ಟ್ ಮಾಡುವಾಗ, ಆಮೇಲೆ ಬಾಳಿಕೆಯಲ್ಲಿ. ಬೆಂಗಳೂರಿನಲ್ಲಿ ಆ ಚಳಿ ಎಲ್ಲಿದೆ ಹೇಳಿ! ನನ್ನ ಎಂಜಿನ್ನಿನ ಹಳೆ ಸೀಲುಗಳಲ್ಲಿ ಸಿಂಥೆಟಿಕ್ ಹಾಕಿದ ಮೇಲೆ ತೇವ ಜಾಸ್ತಿ ಕಂಡಿತು. ಮಿನರಲ್ಲಿಗೆ ವಾಪಸ್ ಬಂದೆ. ಅದು ಲಾರಿ ಓಡಾಡುವ ಯಾವ ಊರಿನಲ್ಲೂ ಸಿಗುತ್ತದೆ, ಅದೇ ದೊಡ್ಡ ಅನುಕೂಲ. ಹಾಗಂತ ಕಣ್ಣು ಮುಚ್ಚಿಕೊಂಡು ಬದಲಿಸಬೇಡಿ. ನಿಮ್ಮ ಗಾಡಿಯ ಪುಸ್ತಕದಲ್ಲಿ ಒಪ್ಪಿರುವ ಗ್ರೇಡುಗಳ ಒಳಗೇ ಆರಿಸಿಕೊಳ್ಳಿ. ಡಬ್ಬದ ಮೇಲೆ ಡೀಸೆಲ್ ದರ್ಜೆ, ಅಂದರೆ ಸಿಐ-4 ಥರ 'ಸಿ'ಯಿಂದ ಶುರುವಾಗುವ ಗುರುತು ಇದೆಯೇ ನೋಡಿ. ಹಾಕಿಸಿದ ಕೆಲವೇ ದಿನಕ್ಕೆ ಆಯಿಲ್ ಕಪ್ಪಾದರೆ ಗಾಬರಿ ಬೇಡ. ಡೀಸೆಲ್ ಮಸಿ ಅದು.

ಬ್ರೇಕ್ ಆಯಿಲ್‌ಗೆ ಹೆಚ್ಚು ಮಾತು ಬೇಡ. ಡಾಟ್ ಅನ್ನುವುದು ಅದರ ದರ್ಜೆ. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4ಕ್ಕೆ ಆ ಮಿತಿ 230. ತೇವ ಹೀರಿಕೊಂಡ ಮೇಲೆ ಅವೇ 140, 155ಕ್ಕೆ ಇಳಿಯುತ್ತವೆ. ಸಾಮಾನು ತುಂಬಿದ ಗಾಡಿ ಖಂಡಾಲಾ ಘಾಟಿ ಇಳಿಯುವಾಗ ಈ ಅಂಕಿಗಳಿಗೆ ಬೆಲೆ ಬರುತ್ತದೆ. ಎರಡು ವರ್ಷದ ಹಳೆಯ ಡಾಟ್ 4ಕ್ಕಿಂತ ಹೊಸ ಡಾಟ್ 3 ವಾಸಿ. ಹೊಸ ಡಾಟ್ 4 ಇನ್ನೂ ವಾಸಿ. ಡಾಟ್ 5 ಮಾತ್ರ ಬೇರೆ ಜಾತಿ, ಇವುಗಳ ಜೊತೆ ಬೆರೆಸಲೇಬಾರದು.

ಇನ್ನು ಟೈರು. ನನ್ನ ಅಳತೆ 235/70 ಆರ್16. ಎ/ಟಿ (ಕಚ್ಚಾ ರಸ್ತೆಗೂ ಆಗುವ ಆಲ್-ಟೆರೇನ್), ಎಚ್/ಟಿ (ಹೆದ್ದಾರಿಗೆಂದೇ ಮಾಡಿದ ಹೈವೇ-ಟೆರೇನ್) ಎರಡೂ ಹಾಕಿಸಿ ಓಡಿಸಿದ್ದೇನೆ. ಎ/ಟಿ ಹಾಕಿದರೆ ಗಾಡಿ ನೋಡಲು ಭರ್ಜರಿ, ಒಪ್ಪುತ್ತೇನೆ. ಚಿಕ್ಕಮಗಳೂರು ಕಡೆ ತೋಟದ ರಸ್ತೆಯಲ್ಲಿ ಮಳೆಗಾಲದ ಕೆಸರು ದಾಟಲು ಅದು ಬೇಕು. ಆದರೆ ಹೆದ್ದಾರಿಯಲ್ಲಿ ಇಡೀ ದಿನ ಗುಂಯ್ ಅನ್ನುತ್ತಿರುತ್ತದೆ. ಮೈಲೇಜು ಲೀಟರಿಗೆ ಹೆಚ್ಚುಕಡಿಮೆ ಒಂದು ಕಿ.ಮೀ. ಇಳಿಯಿತು. ನೆಂದ ಟಾರಿನ ಮೇಲೆ ಬ್ರೇಕ್ ಒತ್ತಿದಾಗ ಎಚ್/ಟಿ ಕೊಡುವ ಹಿಡಿತ ಸಿಗಲಿಲ್ಲ. "ರಣ್‌ನಲ್ಲಿ ಎ/ಟಿ ಬೇಕಾಗುತ್ತೆ ಅಲ್ವಾ?" ಅಂತ ಕೇಳುವವರಿದ್ದಾರೆ. ರಣ್ ಅಂದರೆ ಕಛ್‌ನ ಉಪ್ಪಿನ ಬಯಲು. ಖಾವ್ಡಾದಿಂದ ಧೋಲಾವೀರಕ್ಕೆ ಹೋಗುವ ರಸ್ತೆ ಟಾರಿನದು, ಎರಡೂ ಕಡೆ ಉಪ್ಪು. ಆ ಉಪ್ಪಿನ ಮೇಲೆ ಗಾಡಿ ಇಳಿಸುವುದೇ ತಪ್ಪು. ಮೇಲೆ ಹಪ್ಪಳದಂಥ ಪದರ, ಕೆಳಗೆ ಕೆಸರು. ಯಾವ ಟೈರಾದರೂ ಹೂತುಕೊಳ್ಳುತ್ತದೆ. ಹಾಗಾಗಿ ಎಚ್/ಟಿ.

ಅದಕ್ಕಿಂತ ಮುಖ್ಯ ಟೈರಿನ ವಯಸ್ಸು. ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತದೆ. 3219 ಅಂದರೆ 2019ರ 32ನೇ ವಾರ. ಟೈರಿನ ಮೇಲಿನ ಗೆರೆ ಎಷ್ಟೇ ಆಳ ಇರಲಿ, ಆರು ವರ್ಷ ದಾಟಿದ ಟೈರಿನಲ್ಲಿ ಇಷ್ಟು ದೂರ ಹೊರಡಬೇಡಿ. ಸ್ಟೆಪ್ನಿಯದ್ದನ್ನೂ ಬಗ್ಗಿ ನೋಡಿ. ಅದು ಗಾಡಿಯ ಜೊತೆಗೇ ಹುಟ್ಟಿದ್ದಿರಬಹುದು! ನೈಟ್ರೋಜನ್ ಹಾಕಿಸಬೇಕೇ ಅಂದರೆ, ಮಾಮೂಲಿ ಗಾಳಿಯಲ್ಲೇ ನೂರಕ್ಕೆ 78 ಪಾಲು ನೈಟ್ರೋಜನ್ ಇದೆ. ಸುಮ್ನೆ ದುಡ್ಡು.

ಗಾಳಿ ತುಂಬಲು ಲೈಟರ್ ಸಾಕೆಟ್ಟಿಗೆ ಸಿಕ್ಕಿಸುವ ಚಿಕ್ಕ ಪಂಪು, ಬ್ಯಾಟರಿಗೆ ನೇರ ಕ್ಲಿಪ್ ಹಾಕುವ ದೊಡ್ಡದು, ಎರಡನ್ನೂ ಬಳಸಿದ್ದೇನೆ. ಚಿಕ್ಕದು ಸಣ್ಣ ಕಾರಿಗೆ ಸಾಕು. ಇಷ್ಟು ದೊಡ್ಡ ಟೈರಿಗೆ ಹೊತ್ತು ಹಿಡಿಯುತ್ತದೆ, ಕೈ ಸುಡುವಷ್ಟು ಕಾಯುತ್ತದೆ, ಸಾಕೆಟ್ಟಿನ ಫ್ಯೂಸ್ ಹಾರುವ ಭಯ ಬೇರೆ. ಕ್ಲಿಪ್ಪಿನದೇ ತಗೊಳ್ಳಿ.

ಮೇಲೆ ಕ್ಯಾರಿಯರ್ ಬೇಕೇ? ನಾಲ್ಕು ಜನ ಇದ್ದರೆ ಬೇಡ. ಹಿಂದಿನ ಎದುರುಬದುರು ಸೀಟು ಮಡಚಿದರೆ ಎಲ್ಲ ಹಿಡಿಯುತ್ತದೆ. ಮೊದಲೇ ಎತ್ತರದ ಗಾಡಿ. ತಲೆ ಮೇಲೆ ಭಾರ ಹೊರಿಸಿದರೆ ತಿರುವಿನಲ್ಲಿ ವಾಲುತ್ತದೆ, ಗಾಳಿಯ ಸದ್ದೂ ಜಾಸ್ತಿ. ಎಲ್‌ಇಡಿ ಬಲ್ಬೂ ಬೇಡ. ಹ್ಯಾಲೊಜನ್‌ಗೆ ಮಾಡಿದ ಹೆಡ್‌ಲೈಟಿನಲ್ಲಿ ಅದರ ಬೆಳಕು ಚೆದುರಿ ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಮಂಕಾದ ಗ್ಲಾಸನ್ನು ಪಾಲಿಶ್ ಮಾಡಿಸಿದ್ದರಿಂದ ಬಂದ ಬೆಳಕೇ ನನಗೆ ಸಾಕಾಯಿತು. ಡೀಸೆಲ್‌ಗೆ ಹಾಕುವ ಕ್ಲೀನರ್ ಬಾಟಲಿ ಹಾಕಿದೆ, ಬಿಟ್ಟೆ, ಏನೂ ವ್ಯತ್ಯಾಸ ತಿಳಿಯಲಿಲ್ಲ. ಆ ದುಡ್ಡಿಗೆ ಒಂದು ಡೀಸೆಲ್ ಫಿಲ್ಟರ್ ಜಾಸ್ತಿ ಇಟ್ಟುಕೊಳ್ಳಿ. ಲಾರಿಗಳು ಸಾಲುಗಟ್ಟುವ ಬಂಕಿನಲ್ಲೇ ತುಂಬಿಸಿ. ಡೀಸೆಲ್‌ನಲ್ಲಿ ನೀರಿದೆ ಅನ್ನುವ ದೀಪ ಹತ್ತಿದರೆ ತಡ ಮಾಡದೆ ಫಿಲ್ಟರಿನ ತಳದಿಂದ ನೀರು ಬಸಿಯಿರಿ.

ಕೊನೆಗೆ ಉಪ್ಪು. ಹೊರಡುವ ಮೊದಲು ಅಡಿಭಾಗಕ್ಕೆ ಕಪ್ಪು ಕೋಟಿಂಗ್ ಹೊಡೆಸಿ ಅಂತ ಸರ್ವಿಸ್ ಸೆಂಟರ್‌ನವರು ಒತ್ತಾಯ ಮಾಡುತ್ತಾರೆ. ಹೊಸ ಗಾಡಿಗೆ ಸರಿ. ಆಗಲೇ ಅಲ್ಲಲ್ಲಿ ತುಕ್ಕು ಹಿಡಿದ ಚಾಸಿಗೆ ಅದನ್ನು ಹೊಡೆದರೆ ತೇವ ಒಳಗೇ ಉಳಿದು ತುಕ್ಕು ಮರೆಯಲ್ಲಿ ಬೆಳೆಯುತ್ತದೆ. ಅದರ ಬದಲು ರಣ್ ನೋಡಿ ಬಂದ ಕೂಡಲೇ ಭುಜ್‌ನಲ್ಲೇ ವಾಟರ್ ಸರ್ವಿಸ್ ಮಾಡಿಸಿ. ರ‍್ಯಾಂಪ್ ಮೇಲೆ ಎತ್ತಿಸಿ, ಅಡಿಗೆ ಬರೀ ನೀರು ಹೊಡೆದರೂ ಸಾಕು. ಚಾಸಿಯ ಒಳಮೂಲೆ, ಹಿಂದಿನ ಬ್ರೇಕ್ ಡ್ರಮ್ ಸುತ್ತ, ಸ್ಟೆಪ್ನಿ ನೇತಾಡುವ ಜಾಗ, ಇವಿಷ್ಟನ್ನು ನೀವೇ ನಿಂತು ತೊಳೆಸಿ. ಬೆಂಗಳೂರಿಗೆ ಬಂದ ಮೇಲೆ ನೋಡಿದರಾಯಿತು ಅಂದರೆ ಅಷ್ಟು ದಿನ ಉಪ್ಪು ಅಲ್ಲೇ ಕೂತು ಕೆಲಸ ಮಾಡುತ್ತಿರುತ್ತದೆ. ತೊಳೆಸಿದ ಮೇಲೆ ಖಾಲಿ ರಸ್ತೆಯಲ್ಲಿ ನಾಲ್ಕೈದು ಸಲ ಮೆಲ್ಲಗೆ ಬ್ರೇಕ್ ಒತ್ತಿ ಡ್ರಮ್ ಒಣಗಿಸಿಕೊಂಡು ಹೆದ್ದಾರಿ ಹತ್ತಿ.