ಎಸ್ಸೆಮ್ಮೆಸ್ ಗೇಟ್‌ವೇ: ಐದು ವರ್ಷ ದುಡ್ಡು ಕಟ್ಟಿದ ಮೇಲೆ

ನಮ್ಮದು ಮೂರು ಜನರ ತಂಡ. ಸಣ್ಣ ಕ್ಲಿನಿಕ್‌ಗಳಿಗೆ ಟೋಕನ್ ಕೊಡುವ ಆ್ಯಪ್ ಮಾಡುತ್ತೇವೆ. ಓಟಿಪಿ, ರಿಮೈಂಡರ್ ಕಳಿಸಲು 2021ರ ಜನವರಿಯಲ್ಲಿ ಒಂದು ಗೇಟ್‌ವೇ, ಅಂದರೆ ನಮ್ಮ ಪರವಾಗಿ ಎಸ್ಸೆಮ್ಮೆಸ್ ಕಳಿಸಿಕೊಡುವ ಕಂಪನಿ, ಹಿಡಿದೆವು. ಹೆಸರು ಬೇಡ ಬಿಡಿ. ಮೆಸೇಜಿಗೆ 20 ಪೈಸೆ ಅಂದರು. ಅವರ ಎಪಿಐ (ನಮ್ಮ ಆ್ಯಪ್‌ನಿಂದ ಅವರಿಗೆ ಮೆಸೇಜ್ ಒಪ್ಪಿಸುವ ಕೊಂಡಿ) ಜೋಡಿಸಲು ಒಂದು ಮಧ್ಯಾಹ್ನ ಸಾಕಾಯಿತು. ಇಷ್ಟು ಅಗ್ಗನಾ ಅಂತ ಖುಷಿಪಟ್ಟಿದ್ದೇ ಬಂತು.

ಮೊದಲ ಬಿಲ್ ನಮ್ಮ ಲೆಕ್ಕದ ಎರಡರಷ್ಟಿತ್ತು. ಕಾರಣ ಕನ್ನಡ! ಇಂಗ್ಲಿಷ್ ಆದರೆ ಒಂದು ಮೆಸೇಜಿನಲ್ಲಿ 160 ಅಕ್ಷರ ಹಿಡಿಸುತ್ತದೆ. ಕನ್ನಡ ಯೂನಿಕೋಡ್ (ಎಲ್ಲ ಲಿಪಿಗಳಿಗೂ ಇರುವ ಅಕ್ಷರ ಸಂಕೇತ) ಆದ್ದರಿಂದ ಬರೀ 70. ದಾಟಿದರೆ ತುಂಡು ಮಾಡಿ ಕಳಿಸುತ್ತಾರೆ, ಆಗ ತುಂಡಿಗೆ 67. ಪ್ರತಿ ತುಂಡಿಗೂ ಬೇರೆ ದುಡ್ಡು. ಒತ್ತು, ಗುಣಿತ ಎಲ್ಲವನ್ನೂ ಬಿಡಿಸಿ ಎಣಿಸುತ್ತಾರೆ. ‘ಅಪಾಯಿಂಟ್‌ಮೆಂಟ್’ ಒಂದೇ 14 ತಿನ್ನುತ್ತದೆ. ‘ಮ’ ಒತ್ತಾಗದಂತೆ ತಡೆಯಲು ಹಾಕುವ, ಕಣ್ಣಿಗೇ ಕಾಣದ ಅಕ್ಷರವೂ ಅದರಲ್ಲಿ ಸೇರಿದೆ. ತೆಗೆದು ‘ಭೇಟಿ’ ಅಂತ ಹಾಕಿದೆವು, ನಾಲ್ಕಕ್ಕೆ ಮುಗಿಯಿತು. ನೂರಾಚಿಲ್ಲರೆ ಇದ್ದ ರಿಮೈಂಡರನ್ನು 68ಕ್ಕೆ ಇಳಿಸಿದ ದಿನ ಆಫೀಸಿಗೆ ಮಸಾಲೆ ದೋಸೆ ತರಿಸಿದ್ದೆವು.

ಆಮೇಲೆ ಡಿಎಲ್‌ಟಿ, ಅಂದರೆ ಕಂಪನಿಗಳ ಎಸ್ಸೆಮ್ಮೆಸ್ ನೋಂದಾಯಿಸುವ ವ್ಯವಸ್ಥೆ. ಟ್ರಾಯ್ (ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಪ್ರತಿ ಮೆಸೇಜಿನ ಟೆಂಪ್ಲೇಟ್, ಅಂದರೆ ಒಕ್ಕಣೆಯ ಮಾದರಿ, ಮೊದಲೇ ನೋಂದಣಿ ಆಗಿರಬೇಕು. 2021ರ ಮಾರ್ಚ್ 8ಕ್ಕೆ ಇದು ಬಿಗಿಯಾದಾಗ ಎಷ್ಟೋ ಬ್ಯಾಂಕುಗಳ ಓಟಿಪಿಯೇ ನಿಂತುಹೋಯಿತು. ಮರುದಿನ ಟ್ರಾಯ್ ಒಂದು ವಾರ ಮುಂದೂಡಿತು. ಸ್ಪ್ಯಾಮ್ ಕಾಟ ನೋಡಿದರೆ ನಿಯಮ ಬೇಕು, ಸರಿ. ಆದರೆ ‘ಭೇಟಿ’ ಅನ್ನೋ ಒಂದು ಪದಕ್ಕೂ ಹೊಸದಾಗಿ ಒಪ್ಪಿಗೆ ಪಡೆಯಬೇಕಾಯಿತು. ಒಮ್ಮೆ ಕೋಡ್ ತಿದ್ದುವಾಗ ಒಂದು ಫುಲ್‌ಸ್ಟಾಪ್ ಬಿಟ್ಟುಹೋಗಿ, ಮೆಸೇಜ್ ನೋಂದಾಯಿಸಿದ ಟೆಂಪ್ಲೇಟಿಗೆ ಹೊಂದಲಿಲ್ಲ. ಎರಡು ದಿನ ಒಂದು ರಿಮೈಂಡರೂ ತಲುಪಲಿಲ್ಲ. ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಹಸಿರು ಬಣ್ಣದಲ್ಲಿ ‘ಸಬ್‌ಮಿಟೆಡ್’ (ಒಪ್ಪಿಸಿದೆ ಅಂತ ಅಷ್ಟೇ, ತಲುಪಿದೆ ಅಂತಲ್ಲ). ದುಡ್ಡೂ ಕಟ್. ಸಪೋರ್ಟಿಗೆ ಬರೆದರೆ ‘ಆಪರೇಟರನ್ನು (ಮೊಬೈಲ್ ಕಂಪನಿಯನ್ನು) ಕೇಳಿ’ ಅಂತ ಉತ್ತರ.

ಇನ್ನೊಂದು ರಾತ್ರಿ ಯಾರೋ ಬಾಟ್ (ತಾನೇ ಓಡುವ ಪ್ರೋಗ್ರಾಂ) ಬಿಟ್ಟು ನಮ್ಮ ಆ್ಯಪ್‌ನ ಓಟಿಪಿ ಬಟನ್ ಒತ್ತಿಸಿದರು. ಭಾನುವಾರ ಬೆಳಗ್ಗೆ ಬ್ಯಾಲೆನ್ಸ್ ಸೊನ್ನೆ. ಗಂಟೆಗೆ ಇಷ್ಟೇ ಅಂತ ಮಿತಿ ಹಾಕದೆ ಬಿಟ್ಟಿದ್ದು ನಮ್ಮದೇ ತಪ್ಪು, ಅದನ್ನ ಒಪ್ಪಬೇಕು.

ಬಿಟ್ಟು ಹೋಗೋಣ ಅಂದರೆ ಅವರ ಎಪಿಐ ಅನ್ನು ಕೋಡಿನಲ್ಲಿ 11 ಕಡೆ ನೇರವಾಗಿ ಕರೆದಿದ್ದೆವು. ಎಲ್ಲವನ್ನೂ ಒಂದೇ ಫೈಲಿಗೆ ತಂದು ಟೆಸ್ಟ್ ಮಾಡಲು ಮೂರು ವಾರ. ಆ ಮೂರು ವಾರದ ಸಂಬಳ ಯಾವ ಬಿಲ್ಲಿನಲ್ಲೂ ಇಲ್ಲ, ಅಲ್ವಾ?

ಈಗ ಇನ್ನೊಂದು ಗೇಟ್‌ವೇ ಕೂಡ ಇಟ್ಟುಕೊಂಡಿದ್ದೇವೆ. ಆದರೂ ಮುಕ್ಕಾಲು ಪಾಲು ಹಳಬರಿಂದಲೇ ಹೋಗುತ್ತದೆ, ಓಟಿಪಿ ಬೇಗ ತಲುಪುತ್ತದೆ ಅಂತ. ಐದಕ್ಕೆ ಮೂರು ಸ್ಟಾರ್. ಸೇರುವವರು ರೇಟ್ ಚೌಕಾಸಿ ಮಾಡುವ ಮೊದಲು ನಿಮ್ಮದೇ ಕನ್ನಡ ಮೆಸೇಜನ್ನು ಟ್ರಯಲ್‌ನಲ್ಲಿ ಕಳಿಸಿ, ಎಷ್ಟು ಕ್ರೆಡಿಟ್ ಕಟ್ ಆಯಿತು ಅಂತ ನೋಡಿ.