ಹಸಿರು ಅವೆಂಚುರಿನ್ ಶೋಪೀಸ್: ಕಲ್ಲು ಸಕ್ಕತ್ತಾಗಿದೆ, ಯಾವೂರಿಂದು ಅನ್ನೋದೇ ಬರೆದಿಲ್ಲ

ಗುಜರಾತಿನ ಖಂಭಾತ್ ಕಡೆಯ ಒಂದು ಅಂಗಡಿಯಿಂದ ಆನ್‌ಲೈನಲ್ಲಿ ಹಸಿರು ಅವೆಂಚುರಿನ್ ತರಿಸಿದೀನಿ, ಫ್ರೀಫಾರ್ಮ್ ಅಂತಾರಲ್ಲ, ಬುಡ ಮಟ್ಟಸ ಮಾಡಿ ಮಿಕ್ಕಿದ್ದನ್ನ ಕಲ್ಲಿನ ಆಕಾರ ಹೇಗಿದ್ಯೋ ಹಾಗೇ ಉಜ್ಜಿ ಪಾಲಿಶ್ ಮಾಡಿರೋದು. ತೂಕ 812 ಗ್ರಾಂ, ಎತ್ತರ ಸುಮಾರು 14 ಸೆಂಟಿಮೀಟರ್, ಕೊರಿಯರ್ ಸೇರಿ 1,850 ರೂಪಾಯಿ ಆಯ್ತು. ಬರೀ ಕಲ್ಲು ನೋಡಿದ್ರೆ ಕೊಟ್ಟ ದುಡ್ಡಿಗೆ ಖಂಡಿತ ಮೋಸ ಇಲ್ಲ. ಆದ್ರೆ ಮಿನರಲ್ ಕಲೆಕ್ಷನ್ ಮಾಡೋರಿಗೆ ಬೇಕಾದ ಮುಖ್ಯ ಮಾಹಿತಿ, ಅಂದ್ರೆ ಇದು ಯಾವ ಜಾಗದಲ್ಲಿ ಸಿಕ್ಕಿದ ಕಲ್ಲು ಅನ್ನೋದು, ಅದು ಮಾತ್ರ ಬರ್ಲಿಲ್ಲ, ಅದಕ್ಕೇ ನನ್ ಕಡೆಯಿಂದ ಐದಕ್ಕೆ ಮೂರೂವರೆ.

ಗೊತ್ತಿಲ್ದೋರಿಗೆ ಹೇಳ್ತೀನಿ, ಇದು ಬೆಣಚುಕಲ್ಲಿನ ಜಾತಿನೇ, ಆದ್ರೆ ಸ್ಫಟಿಕದ ಥರ ಒಂದೇ ದೊಡ್ಡ ಹರಳಲ್ಲ, ಸಣ್ಣ ಸಣ್ಣ ಕಾಳುಗಳು ಒತ್ತಾಗಿ ಬೆಸೆದುಕೊಂಡು ಆಗಿರೋ ಕ್ವಾರ್ಟ್ಜೈಟ್. ಅದ್ರೊಳಗೆ ಫುಕ್ಸೈಟ್ ಅನ್ನೋ ಹಸಿರು ಕಾಗೆಬಂಗಾರದ ಚಕ್ಕೆಗಳು ಸೇರ್ಕೊಂಡಿರತ್ವೆ. ಮಸ್ಕೊವೈಟ್ ಅಭ್ರಕಕ್ಕೆ ಸ್ವಲ್ಪ ಕ್ರೋಮಿಯಂ ಸೇರಿದ್ರೆ ಅದೇ ಫುಕ್ಸೈಟ್, ಬಣ್ಣನೂ ಅದ್ರಿಂದಾನೇ, ಮಿನುಗೋದೂ ಅದ್ರಿಂದಾನೇ.

ಈಗ ನಂಗೆ ತುಂಬಾ ಖುಷಿ ಕೊಟ್ಟಿದ್ದು ಏನಂದ್ರೆ ಇದನ್ನ ಕೊಯ್ದಿರೋ ರೀತಿ. ಒಳಗಿನ ಚಕ್ಕೆಗಳು ಎಲ್ಲ ದಿಕ್ಕಿಗೂ ಚೆಲ್ಲಾಪಿಲ್ಲಿ ಬಿದ್ದಿರಲ್ಲ, ಕಲ್ಲು ಭೂಮಿಯೊಳಗೆ ಒತ್ತಡಕ್ಕೆ ಸಿಕ್ಕಿದ್ದರಿಂದ ಬಹುಪಾಲು ಒಂದೇ ಮಟ್ಟಕ್ಕೆ ಪದರ ಪದರವಾಗಿ ಮಲಗಿರತ್ವೆ. ಆ ಪದರಕ್ಕೆ ಸಮವಾಗಿ ಕೊಯ್ದ ಮುಖ ಬೆಳಕು ಬಿದ್ದ ಕೂಡ್ಲೇ ಪೂರ್ತಿ ಮಿನುಗತ್ತೆ, ಅಡ್ಡ ಕೊಯ್ದ್ರೆ ಚಕ್ಕೆಗಳ ಅಂಚು ಮಾತ್ರ ಕಾಣತ್ತೆ, ಬರೀ ಹಸಿರು ಗೆರೆ ಎಳೆದ ಹಾಗೆ, ಹೊಳಪೇ ಇರಲ್ಲ. ನಂಗೆ ಬಂದಿರೋದ್ರಲ್ಲಿ ಮುಂದಿನ ಅಗಲ ಮುಖ ಸರಿಯಾಗಿ ಪದರದ ಮಟ್ಟಕ್ಕೇ ಬಂದಿದೆ, ಟ್ಯೂಬ್‌ಲೈಟ್ ಕೆಳಗೆ ನಿಧಾನಕ್ಕೆ ವಾಲಿಸ್ತಾ ಹೋದ್ರೆ ಒಂದು ಕೋನದಲ್ಲಿ ಇದ್ದಕ್ಕಿದ್ದಂಗೆ ಇಡೀ ಮುಖ ಬೆಳ್ಳಿ ಹಸಿರಾಗಿ ಬೆಳಗತ್ತೆ, ಇನ್ನೊಂದು ಸ್ವಲ್ಪ ವಾಲಿಸಿದ್ರೆ ಆರಿ ಹೋಗತ್ತೆ. ಪಕ್ಕದ ಸಣ್ಣ ಮುಖಗಳಲ್ಲಿ ಇದು ಇಲ್ಲ, ಇರೋಕೂ ಆಗಲ್ಲ. ಯಾರು ಕೊಯ್ದ್ರೋ ಗೊತ್ತಿಲ್ಲ, ಆದ್ರೆ ಕೊಯ್ಯೋ ಮುಂಚೆ ಕಲ್ಲನ್ನ ತಿರುಗ್ಸಿ ತಿರುಗ್ಸಿ ನೋಡಿದಾರೆ ಅನ್ನೋದು ಸ್ಪಷ್ಟ.

ಪಾಲಿಶ್ ವಿಷಯಕ್ಕೂ ಇದೇ ಕಾಗೆಬಂಗಾರ ತಲೆನೋವು. ಬೆಣಚಿನ ಗಡಸುತನ ಮೋಸ್ ಅಳತೆಲಿ 7, ಅಭ್ರಕದ್ದು ಎರಡೂವರೆ ಆಸುಪಾಸು, ಎರಡನ್ನೂ ಒಂದೇ ಚಕ್ರದ ಮೇಲೆ ಉಜ್ಜಿದ್ರೆ ಮೆತ್ತಗಿರೋದು ಬೇಗ ಸವೆದು ಗುಳಿ ಬೀಳತ್ತೆ, ಇಲ್ಲಾ ಚಕ್ಕೆನೇ ಕಿತ್ತು ಬರತ್ತೆ. ಅದಕ್ಕೇ ಅಗ್ಗದ ಅವೆಂಚುರಿನ್ ಮೇಲ್ಮೈ ಕಿತ್ತಳೆ ಸಿಪ್ಪೆ ಥರ ತರಿತರಿ ಇರತ್ತೆ, ಕೆಲವರು ಅದ್ರ ಮೇಲೆ ಮೇಣನೋ ಎಣ್ಣೆನೋ ಸವರಿ ಹೊಳಪು ತೋರಿಸ್ತಾರೆ, ಮೊದಲ ಸಲ ಸೋಪು ನೀರಲ್ಲಿ ತೊಳೆದಾಗ ಬಣ್ಣ ಬಯಲು. ನಾನು ಬಂದ ತಕ್ಷಣ ಉಗುರು ಬೆಚ್ಚಗಿನ ಸೋಪು ನೀರಲ್ಲಿ ತೊಳೆದು ಒರೆಸಿ ನೋಡ್ದೆ, ಹೊಳಪು ಹಾಗೇ ಇದೆ. ಟ್ಯೂಬ್‌ಲೈಟಿನ ಪ್ರತಿಬಿಂಬ ನೇರ ಗೆರೆಯಾಗಿ ಬೀಳತ್ತೆ, ಎಲ್ಲೂ ಒಡೆಯಲ್ಲ. ಲೂಪ್ (ಕಣ್ಣಿಗೆ ಹಿಡಿಯೋ ಸಣ್ಣ ಭೂತಗನ್ನಡಿ) ಹಾಕಿ ನೋಡಿದ್ರೆ ಬಲಗಡೆ ಅಂಚಲ್ಲಿ ನಾಲ್ಕೈದು ಸಣ್ಣ ಗುಳಿ ಇದೆ ಅಷ್ಟೇ, ಈ ಕಲ್ಲಿಗೆ ಅಷ್ಟು ಇರೋದೇ.

ಅಸಲಿನಾ ಅಂತ ಕೇಳೋರಿಗೆ. ಮನೇಲಿರೋ ಅಡುಗೆ ತಕ್ಕಡಿ ಸಾಕು. ತಕ್ಕಡಿ ಮೇಲೆ ನೀರಿನ ಪಾತ್ರೆ ಇಟ್ಟು ಸೊನ್ನೆ ಮಾಡ್ಕೊಳಿ, ಕಲ್ಲಿಗೆ ಗಟ್ಟಿ ದಾರ ಕಟ್ಟಿ ತಳ ಮುಟ್ಟದ ಹಾಗೆ ಪೂರ್ತಿ ಮುಳುಗ್ಸಿ, ನಂಗೆ 305 ಗ್ರಾಂ ಬಂತು. 812ನ್ನ 305ರಿಂದ ಭಾಗಿಸಿದ್ರೆ 2.66, ಅಂದ್ರೆ ಅಷ್ಟೇ ಜಾಗದ ನೀರಿಗಿಂತ ಕಲ್ಲು ಇಷ್ಟು ಪಟ್ಟು ಭಾರ, ಅವೆಂಚುರಿನ್‌ಗೆ ಇರ್ಬೇಕಾಗಿದ್ದೇ ಅದು. ಮಾಮೂಲಿ ಗಾಜಾದ್ರೆ 2.5ರ ಹತ್ತಿರ, ಜೇಡ್ ಅನ್ನೋ ಬೇರೆ ಹಸಿರು ಕಲ್ಲೇ ನಿಜವಾಗ್ಲೂ ಆದ್ರೆ 2.9ರ ಮೇಲೆ ಬರತ್ತೆ (ಇದನ್ನೇ ಇಂಡಿಯನ್ ಜೇಡ್ ಅಂತ ಹೆಸರಿಟ್ಟು ಮಾರ್ತಾರೆ, ಜೇಡ್‌ಗೂ ಇದಕ್ಕೂ ಸಂಬಂಧ ಇಲ್ಲ). ಆದ್ರೆ ಬಿಳಿ ಕ್ವಾರ್ಟ್ಜೈಟಿಗೆ ಹಸಿರು ಬಣ್ಣ ಹಾಕಿದ್ರೂ ತೂಕ ಹೀಗೇ ಬರತ್ತೆ, ಹಾಗಾಗಿ ಹತ್ತು ಪಟ್ಟು ದೊಡ್ಡದಾಗಿ ತೋರ್ಸೋ ಲೂಪಲ್ಲಿ ನೋಡ್ಲೇಬೇಕು: ಬಣ್ಣ ಹಾಕಿದ್ದಾದ್ರೆ ಆ ಹಸಿರು ಬಣ್ಣ ಕಾಳುಗಳ ಸಂದಿ, ಬಿರುಕಲ್ಲಿ ಗಟ್ಟಿಯಾಗಿ ನಿಂತಿರತ್ತೆ, ಅಸಲಿಯಲ್ಲಿ ಚಪ್ಪಟೆ ಚಪ್ಪಟೆ ಹಸಿರು ಚಕ್ಕೆಗಳು ಬಿಡಿಬಿಡಿಯಾಗಿ ಕಾಣತ್ತೆ. ನಂದರಲ್ಲಿ ಚಕ್ಕೆ ಚೆನ್ನಾಗಿ ಕಾಣತ್ತೆ. ಹತ್ತಿಗೆ ಅಸಿಟೋನ್ ಹಚ್ಚಿ ಬುಡದಲ್ಲಿ ಉಜ್ಜಿದೆ, ಬಣ್ಣ ಬಿಡ್ಲಿಲ್ಲ. ಹಾಗೇ ಕಂದು ಬಣ್ಣದ, ಚಿನ್ನದ ಪುಡಿ ಹಾಕಿದ ಹಾಗೆ ಜಗಮಗ ಅನ್ನೋ ಗೋಲ್ಡ್‌ಸ್ಟೋನ್‌ನ ಅವೆಂಚುರಿನ್ ಅಂತ ಕೊಟ್ರೆ ತಗೋಬೇಡಿ, ಅದು ತಾಮ್ರದ ಹರಳು ಬೆಳೆಸಿರೋ ಗಾಜು, ಮನುಷ್ಯರು ಮಾಡಿದ್ದು.

ಫೋಟೋದಲ್ಲಿ ಇನ್ನೂ ಕಡು ಹಸಿರಿತ್ತು, ಕೈಗೆ ಬಂದಿದ್ದು ಒಂದು ಮಟ್ಟ ತಿಳಿ. ಪ್ಯಾಕಿಂಗ್ ಸಾಲ್ದು, ಬಬಲ್ ಹಾಳೆ ಒಂದೇ ಸುತ್ತು, ಡಬ್ಬದೊಳಗೆ ಕಲ್ಲು ಅಲ್ಲಾಡ್ತಿತ್ತು, ಬುಡದ ಹಿಂದಿನ ಮೂಲೆಲಿ ಅಕ್ಕಿಕಾಳಿನಷ್ಟು ಚಕ್ಕೆ ಹಾರಿದೆ. ಫೋಟೋ ಕಳ್ಸಿದ್ದಕ್ಕೆ 150 ರೂಪಾಯಿ ವಾಪಸ್ ಹಾಕಿದ್ರು, ಮಾತು ಬೆಳೆಸ್ಲಿಲ್ಲ, ಅದು ಒಳ್ಳೇದು.

ಇನ್ನು ಊರಿನ ವಿಷಯ. ಎಲ್ಲಿಯ ಕಲ್ಲು ಅಂತ ಮೆಸೇಜ್ ಮಾಡಿ ಕೇಳಿದ್ರೆ ಇಂಡಿಯಾ ಅಂತ ಒಂದೇ ಪದ. ಇಂಡಿಯಾ ಅಂದ್ರೆ ಎಲ್ಲಿ ಅಂತ ಮತ್ತೆ ಕೇಳಿದ್ದಕ್ಕೆ ಉತ್ತರವೇ ಇಲ್ಲ. ನಂಗೆ ಇದು ನಿಜವಾಗ್ಲೂ ಬೇಜಾರು, ಯಾಕಂದ್ರೆ ಮಾರ್ಕೆಟ್‌ಗೆ ಬರೋ ಹಸಿರು ಅವೆಂಚುರಿನ್‌ಗೆ ಮೈಸೂರು ಸೀಮೆ ಹೆಸರುವಾಸಿ, ಚಿತ್ರದುರ್ಗ ಜಿಲ್ಲೆಯ ಘಟ್ಟಿಹೊಸಹಳ್ಳಿಯ ಫುಕ್ಸೈಟ್ ಕ್ವಾರ್ಟ್ಜೈಟ್ ಬಗ್ಗೆ ಭೂವಿಜ್ಞಾನಿಗಳು ಪೇಪರ್ ಮೇಲೆ ಪೇಪರ್ ಬರ್ದಿದಾರೆ, ಅಲ್ಲಿನ ಬಂಡೆ ಮುನ್ನೂರು ಕೋಟಿ ವರ್ಷಕ್ಕಿಂತ ಹಳೇದು. ನನ್ನ ಟೇಬಲ್ ಮೇಲಿರೋ ಕಲ್ಲು ನಮ್ಮ ರಾಜ್ಯದ್ದೇ ಆಗಿರಬಹುದು, ಇಲ್ಲೇ ಅಗೆದು ಗುಜರಾತಿಗೆ ಹೋಗಿ ಪಾಲಿಶ್ ಆಗಿ ವಾಪಸ್ ಬಂದಿರಬಹುದು, ಆದ್ರೆ ಹಾಗಂತ ಚೀಟಿಲಿ ಬರೆಯೋ ಹಕ್ಕು ನಂಗಿಲ್ಲ. ಪಾಲಿಶ್ ಆದ ಮೇಲೆ ಮೂಲ ತೊಗಟೆ, ಅಂಟಿದ ಬೇರೆ ಬಂಡೆ ಎಲ್ಲ ಹೋಗಿಬಿಡತ್ತೆ, ಬರೀ ನೋಡಿ ಜಾಗ ಹೇಳೋದು ಆಗದ ಮಾತು. ಒಂದು ಚೀಟಿ, ಅದ್ರಲ್ಲಿ ತಾಲೂಕು ಜಿಲ್ಲೆ ಬರೆದಿದ್ರೆ ನಾನು ಇನ್ನೂ 500 ಜಾಸ್ತಿ ಕೊಡ್ತಿದ್ದೆ.

ಚೀಟಿ ಬದಲು ಬಂದಿದ್ದು ಒಂದು ಕಾರ್ಡು, ಪರ್ಸಲ್ಲಿ ಇಟ್ಕೊಂಡ್ರೆ ಹಣ ಬರತ್ತೆ, ಎದೆ ಮೇಲಿಟ್ರೆ ಹೃದಯದ ಕಾಯಿಲೆ ಹೋಗತ್ತೆ ಅಂತ. ಕಾಯಿಲೆ ಅಂತ ಬರೆಯೋದು ತಪ್ಪು, ಯಾರಾದ್ರೂ ನಂಬಿ ಮಾತ್ರೆ ಬಿಟ್ರೆ ಏನ್ ಗತಿ. ಅದನ್ನೂ ಅವರಿಗೆ ಬರೆದು ಹಾಕಿದೀನಿ.

ಶೋಕೇಸಿಗೆ ಬೇಕು, ನೋಡೋಕೆ ಚೆನ್ನಾಗಿರ್ಬೇಕು ಅನ್ನೋರು ಧೈರ್ಯವಾಗಿ ತಗೊಳಿ. ಗುಲಾಬಿ ಕ್ವಾರ್ಟ್ಜ್, ಅಮೆಥಿಸ್ಟ್ ಥರ ಬಿಸಿಲಿಗೆ ಮಾಸೋ ಭಯನೂ ಇಲ್ಲ ಇದಕ್ಕೆ. ಆರ್ಡರ್ ಮಾಡೋ ಮುಂಚೆ ನಿಮಗೆ ಕಳಿಸೋ ಅದೇ ಪೀಸನ್ನ ಲೈಟ್ ಕೆಳಗೆ ವಾಲಿಸಿ ವಿಡಿಯೋ ಮಾಡಿ ವಾಟ್ಸಾಪ್ ಮಾಡೋಕೆ ಹೇಳಿ, ಕೇಳಿದ್ರೆ ಕಳಿಸ್ತಾರೆ, ಯಾವ ಮುಖ ಮಿನುಗತ್ತೆ ಅಂತ ಅದ್ರಲ್ಲೇ ಗೊತ್ತಾಗಿಬಿಡತ್ತೆ, ಮತ್ತೆ ಪ್ಯಾಕಿಂಗ್ ಡಬಲ್ ಮಾಡಿ ಅಂತಾನೂ ಬರೆದುಬಿಡಿ.